ಓದುಗರ ಪ್ರಶ್ನೆ, ನಮ್ಮ ಉತ್ತರ: ಜರಿಗಿಡದೊಳಗಿನ ವಿಷ

ಕಳೆದ ಸಂಚಿಕೆಯಲ್ಲಿ ಬೇವಿನ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಜರಿಗಿಡಗಳಲ್ಲೂ ಹುಳ ಕೊಲ್ಲುವ ವಸ್ತುಗಳಿವೆ ಅಂತ. ಆ ಒಂದು ಸಾಲಿಗೇ ಈ ಸಲ ಜಾಸ್ತಿ ಪತ್ರ ಬಂದಿವೆ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಿಂದ ಬರೆದಿದ್ದೀರಿ. ಎಲ್ಲದಕ್ಕೂ ಜಾಗ ಸಾಲದು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಹತ್ತಿಗೆ ಬಿಳಿ ನೊಣ ಬಿದ್ದು ಸಾಕಾಗಿದೆ. ಜರಿಗಿಡದ ರಸಕ್ಕೆ ಬಿಳಿ ನೊಣ ಸಾಯುತ್ತದೆ ಅಂತ ಮೊಬೈಲಲ್ಲಿ ವಿಡಿಯೋ ನೋಡಿದೆ. ಜೋಗಿಮಟ್ಟಿ ಕಡೆಯಿಂದ ಒಂದೆರಡು ಚೀಲ ಜರಿಗಿಡ ತಂದು ಕುದಿಸಿ ಹೊಡೆಯಬಹುದಾ? (ಹೊಳಲ್ಕೆರೆ ತಾಲೂಕಿನ ರೈತರು)

ದಯವಿಟ್ಟು ತರಬೇಡಿ. ಕಾಡಿನಿಂದ ಗಿಡ ಕೀಳುವುದು ತಪ್ಪು ಅನ್ನುವುದು ಒಂದು ಕಡೆ ಇರಲಿ. ತಂದರೂ ನಿಮ್ಮ ಹತ್ತಿಗೆ ಅದರಿಂದ ಉಪಯೋಗವಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ನೋಡಿದ ವಿಡಿಯೋದ ಹಿಂದೆ ನಿಜವಾದ ಸಂಗತಿಯೊಂದಿದೆ. ಲಖನೌದಲ್ಲಿ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಅಂತ ಇದೆ. ಅಲ್ಲಿನ ವಿಜ್ಞಾನಿಗಳು ಟೆಕ್ಟೇರಿಯಾ ಮ್ಯಾಕ್ರೊಡಾಂಟಾ ಎಂಬ ಜರಿಗಿಡದಿಂದ ಒಂದು ಪ್ರೋಟೀನ್ ಬೇರ್ಪಡಿಸಿದರು. ಅದಕ್ಕೆ ಟಿಎಂಎ12 ಅಂತ ಹೆಸರು. 2016ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಬಿಳಿ ನೊಣದ ಆಹಾರಕ್ಕೆ ಈ ಪ್ರೋಟೀನ್ ಬೆರೆಸಿ ಇಟ್ಟಾಗ, ಒಂದು ಲೀಟರಿಗೆ ಸುಮಾರು ಒಂದೂವರೆ ಮಿಲಿಗ್ರಾಂ ಇದ್ದರೂ ಅರ್ಧದಷ್ಟು ನೊಣ ಸತ್ತವು. ಅದಕ್ಕಿಂತ ಕಡಿಮೆ ಇದ್ದಾಗಲೂ ನೊಣದ ಬೆಳವಣಿಗೆಗೆ ಅಡ್ಡಿಯಾಯಿತು.

ಆಮೇಲೆ ಅವರು ಆ ಪ್ರೋಟೀನ್ ತಯಾರಿಸುವ ವಂಶವಾಹಿಯನ್ನು ಹತ್ತಿ ಗಿಡದೊಳಗೇ ಸೇರಿಸಿದರು. ಎಲೆಯಲ್ಲಿ ಕರಗುವ ಒಟ್ಟು ಪ್ರೋಟೀನಿನಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಟಿಎಂಎ12 ಇದ್ದರೂ ಸಾಕಾಯಿತು. ಗಿಡಕ್ಕೆ ಬಿಳಿ ನೊಣ ನಿಲ್ಲಲಿಲ್ಲ, ನೊಣ ಹರಡುವ ಎಲೆ ಮುಟುರು ರೋಗವೂ ಬರಲಿಲ್ಲ, ಇಳುವರಿಯೂ ಇಳಿಯಲಿಲ್ಲ. ಇದೆಲ್ಲ ಬೇಲಿ ಹಾಕಿ ಕಾಪಾಡಿದ ಪ್ರಯೋಗದ ತಾಕಿನಲ್ಲಿ ನಡೆದದ್ದು. 2015ರಲ್ಲಿ ಪಂಜಾಬಿನ ಹತ್ತಿಯನ್ನು ಬಿಳಿ ನೊಣ ಹೇಗೆ ಹಾಳು ಮಾಡಿತು ಅಂತ ನೆನಪಿದ್ದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಕಷಾಯಕ್ಕೆ ಬರೋಣ. ಟಿಎಂಎ12 ಒಂದು ಪ್ರೋಟೀನ್. ಮೊಟ್ಟೆಯ ಬಿಳಿ ಭಾಗವೂ ಹೆಚ್ಚಾಗಿ ಪ್ರೋಟೀನೇ. ಮೊಟ್ಟೆ ಬೇಯಿಸಿದರೆ ಏನಾಗುತ್ತದೆ? ಗಟ್ಟಿಯಾಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಸಾಮಾನ್ಯವಾಗಿ ಪ್ರೋಟೀನುಗಳನ್ನು ಕುದಿಸಿದರೆ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ಕೆಲಸವೂ ಕೆಡುತ್ತದೆ. ಸರಿ, ಕುದಿಸದೆ ಅರೆದು ಹೊಡೆದರೆ? ಆಗಲೂ ಕಷ್ಟ. ಬಿಳಿ ನೊಣ ಎಲೆಯನ್ನು ಅಗಿದು ತಿನ್ನುವುದಿಲ್ಲ. ಸೂಜಿಯಂಥ ಮೂತಿಯನ್ನು ಎಲೆಯೊಳಗೆ ಇಳಿಸಿ, ನಾಳದಲ್ಲಿ ಹರಿಯುವ ಸಿಹಿ ರಸವನ್ನು ಮಾತ್ರ ಹೀರುತ್ತದೆ. ನೀವು ಎಲೆಯ ಮೇಲೆ ಹೊಡೆದದ್ದು ಮೇಲೇ ಉಳಿಯುತ್ತದೆ, ಅದರ ಹೊಟ್ಟೆಗೆ ಹೋಗುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಗಿಡವೇ ಅದನ್ನು ತಯಾರಿಸುವ ಹಾಗೆ ಮಾಡಿದ್ದು. ಇನ್ನೂ ಒಂದು ಮಾತು. ಟೆಕ್ಟೇರಿಯಾ ಒಂದು ಜಾತಿ. ಜರಿಗಿಡಗಳಲ್ಲಿ ಸಾವಿರಾರು ಜಾತಿಗಳಿವೆ. ಒಂದರಲ್ಲಿ ಇದ್ದದ್ದು ಎಲ್ಲದರಲ್ಲೂ ಇರಬೇಕು ಅಂತಿಲ್ಲ.

ಜೋಗಿಮಟ್ಟಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಅಲ್ಲಿನ ಬಂಡೆ ಸಂದಿಗಳಲ್ಲಿ ನವಿಲುಗರಿಯ ಬೀಸಣಿಗೆ ಹಾಗಿರುವ ಪುಟ್ಟ ಜರಿಗಿಡ ನೋಡಿರಬಹುದು. ಬೇಸಿಗೆಯಲ್ಲಿ ಒಣಗಿ ಮುದುರಿ ಸತ್ತೇ ಹೋದ ಹಾಗೆ ಕಾಣುತ್ತದೆ, ಒಂದು ಮಳೆ ಬಿದ್ದರೆ ಮತ್ತೆ ಹಸಿರಾಗುತ್ತದೆ. ನಮ್ಮಂಥ ಒಣ ಸೀಮೆಯಲ್ಲಿ ಅದು ಅಷ್ಟಗಲ ಬೆಳೆಯಲು ಎಷ್ಟೋ ಮಳೆಗಾಲ ಬೇಕು. ಒಂದು ಚೀಲ ತುಂಬಿಸಲು ಒಂದು ಇಡೀ ಬಂಡೆ ಸಾಲು ಬರಿದಾಗುತ್ತದೆ. ನನಗೆ ಅದನ್ನು ಯೋಚಿಸಿದರೇ ಸಂಕಟವಾಗುತ್ತದೆ.

ಸದ್ಯಕ್ಕೆ ನಿಮ್ಮ ಹೊಲಕ್ಕೆ ಏನು ಮಾಡಬಹುದು? ಹಳದಿ ಅಂಟು ಕಾರ್ಡ್ ಕಟ್ಟಿ. ಬೆಳಿಗ್ಗೆ ಎಲೆ ತಿರುಗಿಸಿ ನೊಣ ಎಣಿಸಿ ನೋಡಿ. ನೂರು ಲೀಟರ್ ನೀರಿಗೆ ಐದು ಕೆಜಿ ಬೇವಿನ ಬೀಜದ ತಿರುಳು ಹಾಕಿದ ಕಷಾಯವನ್ನು ಎಲೆಯ ಅಡಿಗೆ ತಾಗುವ ಹಾಗೆ ಸಂಜೆ ಹೊತ್ತು ಹೊಡೆಯಿರಿ. ಯೂರಿಯಾ ಅತಿಯಾಗಿ ಹಾಕಬೇಡಿ, ಎಲೆ ಎಳಸಾದಷ್ಟೂ ನೊಣಕ್ಕೆ ಹಬ್ಬ.

ಪ್ರಶ್ನೆ: ನಾವು ಬೆಳೆಯುವುದು ಬಿಟಿ ಹತ್ತಿಯೇ. ಬಿಟಿ ಇದ್ದ ಮೇಲೂ ಬಿಳಿ ನೊಣ ಯಾಕೆ ಬರುತ್ತದೆ? ಜರಿಗಿಡದ ಹತ್ತಿ ಬೀಜ ಅಂಗಡಿಯಲ್ಲಿ ಸಿಗುತ್ತಾ? (ಹಿರಿಯೂರು)

ಬಿಟಿ ಅಂದರೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದರ ಪ್ರೋಟೀನ್ ತಯಾರಿಸುವ ವಂಶವಾಹಿಯನ್ನು ಸೇರಿಸಿದ ಹತ್ತಿಯೇ ಬಿಟಿ ಹತ್ತಿ. 2002ರಲ್ಲಿ ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಅದು ಕಾಯಿಕೊರಕ ಹುಳುವಿಗಾಗಿ ಮಾಡಿದ್ದು. ರಸ ಹೀರುವ ಕೀಟಗಳ ಮೇಲೆ ಅದು ಕೆಲಸ ಮಾಡುವುದಿಲ್ಲ. ಬಿಳಿ ನೊಣ, ಜಿಗಿಹುಳು, ಹೇನು ಇವಕ್ಕೆಲ್ಲ ಬಿಟಿ ಹತ್ತಿಯೂ ಒಂದೇ, ನಾಟಿ ಹತ್ತಿಯೂ ಒಂದೇ.

ಜರಿಗಿಡದ ವಂಶವಾಹಿ ಇರುವ ಹತ್ತಿ ಬೀಜ ಅಂಗಡಿಯಲ್ಲಿ ಇಲ್ಲ. ಯಾರಾದರೂ ಆ ಹೆಸರಲ್ಲಿ ಮಾರಿದರೆ ಕೊಳ್ಳಬೇಡಿ. ಇಲಿಗಳಿಗೆ ಟಿಎಂಎ12 ತಿನ್ನಿಸಿ ನೋಡಿದಾಗ ತೊಂದರೆ ಕಾಣಲಿಲ್ಲ ಅಂತ 2016ರ ವರದಿಯಲ್ಲೇ ಇದೆ. ಅದು ಒಳ್ಳೆಯ ಸುದ್ದಿ. ಆದರೆ ನನ್ನ ಮಟ್ಟಿಗೆ ಇಲಿ ಒಂದೇ ಸಾಲದು. ಹತ್ತಿ ಹೂವಿಗೆ ಬರುವ ಜೇನು, ಎಲೆ ಮೇಲೆ ಓಡಾಡುವ ಜೇಡ, ಗುಲಗಂಜಿ ಹುಳು ಇವುಗಳ ಮೇಲೂ ವರ್ಷಗಟ್ಟಲೆ ನೋಡಬೇಕು. ನೋಡಿದ್ದನ್ನು ರೈತರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು.

ಪ್ರಶ್ನೆ: ಜರಿಗಿಡಕ್ಕೆ ಈ ವಿಷ ಎಲ್ಲಿಂದ ಬಂತು ಸರ್? ಹೂವು, ಕಾಯಿ ಏನೂ ಇಲ್ಲದ ಗಿಡ ಅದು. (ದಾವಣಗೆರೆಯ ಬಿಎಸ್ಸಿ ವಿದ್ಯಾರ್ಥಿನಿ)

ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ, ಅಷ್ಟು ಬೆರಗಾಗಿತ್ತು.

2018ರಲ್ಲಿ ಮೊದಲ ಸಲ ಎರಡು ಜರಿಗಿಡಗಳ ಪೂರ್ತಿ ಜೀನೋಮ್, ಅಂದರೆ ವಂಶವಾಹಿಗಳ ಇಡೀ ಗಂಟು, ಓದಿದರು. ಒಂದು ಅಜೋಲಾ, ಇನ್ನೊಂದು ಸಾಲ್ವಿನಿಯಾ. ಎರಡೂ ನೀರಿನ ಮೇಲೆ ತೇಲುವಂಥವು. ಸಾಲ್ವಿನಿಯಾದಲ್ಲಿ ಟಿಎಂಎ12 ತರಹದ ವಂಶವಾಹಿ ಸಿಕ್ಕಿತು. ಅದರ ವಂಶಾವಳಿ ಹುಡುಕುತ್ತ ಹೋದರೆ ಗಿಡಗಳ ಕಡೆ ಹೋಗಲಿಲ್ಲ, ಬ್ಯಾಕ್ಟೀರಿಯಾ ಕಡೆ ಹೋಯಿತು. ಅಂದರೆ ಯಾವುದೋ ಕಾಲದಲ್ಲಿ ಒಂದು ಬ್ಯಾಕ್ಟೀರಿಯಾದ ವಂಶವಾಹಿ ಜರಿಗಿಡದೊಳಗೆ ಸೇರಿಕೊಂಡು ಅಲ್ಲೇ ಉಳಿದಿದೆ. ಪ್ರಯೋಗಾಲಯದಲ್ಲಿ ನಾವು ಬಿಟಿ ಹತ್ತಿಗೆ ಮಾಡಿದ್ದನ್ನು ಪ್ರಕೃತಿ ತಾನಾಗಿಯೇ ಎಂದೋ ಮಾಡಿ ಮುಗಿಸಿತ್ತು.

ಆ ಪ್ರೋಟೀನು ಕೈಟಿನ್ ಎಂಬ ವಸ್ತುವಿಗೆ ಅಂಟಿಕೊಳ್ಳುವ ಗುಂಪಿನದು. ಕೀಟಗಳ ಚರ್ಮ ಗಟ್ಟಿಯಾಗಿರುವುದೇ ಕೈಟಿನ್‌ನಿಂದ. ನಮ್ಮ ಮೈಯಲ್ಲಿ ಕೈಟಿನ್ ಇಲ್ಲ.

ಹಾಗಂತ ಸಾಲ್ವಿನಿಯಾವನ್ನು ಯಾವ ಹುಳವೂ ಮುಟ್ಟುವುದಿಲ್ಲ ಅಂದುಕೊಳ್ಳಬೇಡಿ. ಅದರ ಬಂಧುವಾದ ಸಾಲ್ವಿನಿಯಾ ಮೊಲೆಸ್ಟಾ ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿಹಾಕಿತ್ತು. 1980ರ ದಶಕದಲ್ಲಿ ಸಿರ್ಟೊಬೇಗಸ್ ಎಂಬ ಅಕ್ಕಿಕಾಳಿಗಿಂತ ಚಿಕ್ಕ ಮೂತಿಹುಳುವನ್ನು ತಂದು ಬಿಟ್ಟರು. ಆ ಹುಳು ಆ ಜರಿಗಿಡವನ್ನೇ ತಿಂದು ಬದುಕುವಂಥದ್ದು. ಕೆಲವೇ ವರ್ಷಗಳಲ್ಲಿ ನೀರು ತೆರೆದುಕೊಂಡಿತು. ಎಂಥ ವಿಷಕ್ಕೂ ಅದನ್ನು ಅರಗಿಸಿಕೊಳ್ಳುವ ಒಂದು ಹುಳ ಎಲ್ಲಾದರೂ ಇರುತ್ತದೆ. ಇದನ್ನು ನೆನಪಿಡಿ, ಮುಂದಿನ ಪ್ರಶ್ನೆಗೆ ಬೇಕಾಗುತ್ತದೆ.

ಪ್ರಶ್ನೆ: ಮೆಕ್ಕೆಜೋಳದ ಸುಳಿಯಲ್ಲಿ ಸೈನಿಕ ಹುಳು ಕೂತು ಬೆಳೆ ತಿನ್ನುತ್ತಿದೆ. ಇದಕ್ಕೂ ಜರಿಗಿಡದಲ್ಲಿ ಮದ್ದು ಇದೆಯಾ? (ಜಗಳೂರು)

ನಮ್ಮ ಪಕ್ಕದ ಶಿವಮೊಗ್ಗದಲ್ಲೇ 2018ರ ಮೇ ತಿಂಗಳಲ್ಲಿ ಈ ಹುಳು ದೇಶದಲ್ಲಿ ಮೊದಲು ಕಂಡದ್ದು. ಅಮೆರಿಕ ಖಂಡದ ಹುಳು ಇದು. ಅಲ್ಲಿ ಬಿಟಿ ಮೆಕ್ಕೆಜೋಳ ಬೆಳೆದು ಬೆಳೆದು, ಕೆಲವು ಬಿಟಿ ಪ್ರೋಟೀನುಗಳಿಗೆ ಈ ಹುಳು ಹೊಂದಿಕೊಂಡುಬಿಟ್ಟಿದೆ. ಹಾಗಾಗಿ ಕಂಪನಿಗಳ ವಿಜ್ಞಾನಿಗಳು ಬೇರೆ ಮೂಲ ಹುಡುಕುತ್ತ ಜರಿಗಿಡಗಳ ಕಡೆ ಬಂದರು.

2019ರಲ್ಲಿ ಅಡಿಯಾಂಟಮ್ ಜಾತಿಯ ಜರಿಗಿಡದಿಂದ ಐಪಿಡಿ083 ಎಂಬ ಪ್ರೋಟೀನ್ ಬಗ್ಗೆ ಬರೆದರು. ತೆಳ್ಳಗೆ ಕಪ್ಪು ದಂಟು, ಕೊತ್ತಂಬರಿ ಸೊಪ್ಪಿನ ಹಾಗೆ ಎಲೆ ಇರುವ ಗಿಡ ಅದು, ಹಳೆ ಬಾವಿಯ ಗೋಡೆಯಲ್ಲಿ ಅಂಥದ್ದನ್ನು ನೀವೂ ನೋಡಿರುತ್ತೀರಿ. 2023ರಲ್ಲಿ ಟೆರಿಸ್ ಜಾತಿಯಿಂದ ಇನ್ನೊಂದು ಬಗೆಯ ಪ್ರೋಟೀನ್ ಬಂತು. ಅದರ ಆಕಾರ ನೋಡಿದರೆ ಬಿಟಿ ಪ್ರೋಟೀನಿನ ತಮ್ಮನ ಹಾಗಿದೆ. ಬಿಟಿಯಲ್ಲಿ ಮೂರು ಭಾಗಗಳಿದ್ದರೆ ಇದರಲ್ಲಿ ಎರಡೇ ಇವೆ. ಆದರೂ ಕೆಲಸ ಮಾಡುತ್ತದೆ. ಬಿಟಿಗೆ ಬಗ್ಗದ ಸೈನಿಕ ಹುಳುವಿನ ತಳಿಗಳೂ ಈ ಗುಂಪಿನ ಎರಡು ಪ್ರೋಟೀನುಗಳಿಗೆ ಬಗ್ಗಿದವು.

ಇದೂ ಗಿಡದೊಳಗೆ ಸೇರಿಸಿ ಬಳಸುವಂಥದ್ದೇ. ಡಬ್ಬದಲ್ಲಿ ಬರುವ ಔಷಧಿಯಲ್ಲ. ನಮ್ಮಲ್ಲಿ ಕುಲಾಂತರಿ ಮೆಕ್ಕೆಜೋಳ ಬೆಳೆಯಲು ಒಪ್ಪಿಗೆಯೂ ಇಲ್ಲ. ಈಗಲೇ ಮಾಡಬೇಕಾದ್ದು ಬೇರೆ. ಬಿತ್ತಿದ ಎರಡು ವಾರದಿಂದಲೇ ಸುಳಿ ಬಿಡಿಸಿ ನೋಡಿ. ಮೊಟ್ಟೆ ಗುಂಪು ಕಂಡರೆ ಕೈಯಲ್ಲೇ ಹೊಸಕಿ. ಹುಳು ಚಿಕ್ಕದಿದ್ದಾಗ ಮಾತ್ರ ಔಷಧಿ ತಾಗುತ್ತದೆ. ದೊಡ್ಡದಾಗಿ ಸುಳಿಯ ಒಳಗೆ ಇಳಿದು ಹಿಕ್ಕೆಯಿಂದ ಬಾಯಿ ಮುಚ್ಚಿಕೊಂಡ ಮೇಲೆ ಎಷ್ಟು ಹೊಡೆದರೂ ದುಡ್ಡು ದಂಡ.

ಪ್ರಶ್ನೆ: ರೇಷ್ಮೆ ಹುಳು ಒಟ್ಟಿಗೆ ಹಣ್ಣಾಗಲಿ ಅಂತ ಸೊಪ್ಪಿನ ಮೇಲೆ ಹಾರ್ಮೋನ್ ಚಿಮುಕಿಸುತ್ತೇವೆ. ಅದು ಗಿಡದಿಂದ ತೆಗೆದದ್ದು ಅಂತಾರೆ. ಜರಿಗಿಡದಲ್ಲೂ ಅದೇ ಇದೆ, ಅದು ಹುಳ ಕೊಲ್ಲುವ ವಿಷ ಅಂತ ಮಗ ಓದಿ ಹೇಳಿದ. ಹೆದರಿಕೆಯಾಗಿದೆ. ನಿಜವಾ? (ಮೊಳಕಾಲ್ಮೂರು)

ಹೆದರಬೇಡಿ. ನಿಮ್ಮ ಮಗ ಓದಿದ್ದೂ ನಿಜ, ನೀವು ಮಾಡುತ್ತಿರುವುದೂ ಸರಿ. ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಹುಳು ಸಾಕುವವರಿಗೆ ಜ್ವರ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬೇರೆ ಓದುಗರಿಗಾಗಿ ಹೇಳುತ್ತೇನೆ. ಹುಳು ಬೆಳೆಯುತ್ತದೆ, ಆದರೆ ಅದರ ಚರ್ಮ ಬೆಳೆಯುವುದಿಲ್ಲ. ಹಾಗಾಗಿ ನಾಲ್ಕು ಸಲ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲುಗಾಡದೆ ಕೂತು, ಹಳೇ ಚರ್ಮ ಕಳಚುತ್ತದೆ. ಇದನ್ನೇ ನಾವು ಹುಳು ಜ್ವರಕ್ಕೆ ಕೂತಿದೆ ಅನ್ನುವುದು. ಚರ್ಮ ಕಳಚು ಅಂತ ಒಳಗಿಂದ ಹೇಳುವ ಹಾರ್ಮೋನಿಗೆ ಎಕ್ಡೈಸೋನ್ ಅಂತ ಹೆಸರು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಡುವುದರ ಹಿಂದೆಯೂ ಇದೇ ಹಾರ್ಮೋನಿನ ಕೈ ಇದೆ.

1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಇದನ್ನು ಮೊದಲು ಶುದ್ಧವಾಗಿ ತೆಗೆದರು. ಯಾವುದರಿಂದ ಗೊತ್ತಾ? ರೇಷ್ಮೆ ಹುಳುವಿನ ಕೋಶದಿಂದಲೇ, ಅಂದರೆ ಗೂಡಿನೊಳಗಿನ ಪ್ಯೂಪಾದಿಂದ. 500 ಕೆಜಿ ಕೋಶ ಅರೆದು ಸೋಸಿದರೆ ಸಿಕ್ಕಿದ್ದು 25 ಮಿಲಿಗ್ರಾಂ ಮಾತ್ರ. ಚಿಟಿಕೆಯೂ ಅಲ್ಲ. ಅದಾದ ಹತ್ತು ಹನ್ನೆರಡು ವರ್ಷಕ್ಕೆ ವಿಜ್ಞಾನಿಗಳಿಗೆ ದೊಡ್ಡ ಅಚ್ಚರಿ ಕಾದಿತ್ತು. ಅದೇ ಹಾರ್ಮೋನ್ ಗಿಡಗಳಲ್ಲೂ ಸಿಕ್ಕಿತು. 1967ರಲ್ಲಿ ಬ್ರ್ಯಾಕನ್ ಎಂಬ ಜರಿಗಿಡದಲ್ಲೂ, ಯುರೋಪಿನ ಪಾಲಿಪೋಡಿಯಂ ಎಂಬ ಜರಿಗಿಡದ ಬೇರುಕಾಂಡದಲ್ಲೂ ಅದು ಇದೆ ಅಂತ ಗೊತ್ತಾಯಿತು. ಅರ್ಧ ಟನ್ ಕೋಶದಲ್ಲಿ ಸಿಕ್ಕಷ್ಟು ಹಾರ್ಮೋನು ಪಾಲಿಪೋಡಿಯಂನ ಕೆಲವೇ ಗ್ರಾಂ ಒಣ ಬೇರುಕಾಂಡದಲ್ಲಿ ಸಿಗುತ್ತದೆ.

ಗಿಡಕ್ಕೆ ಚರ್ಮ ಕಳಚುವ ಕೆಲಸ ಇಲ್ಲ. ಮತ್ತೆ ಯಾಕೆ ಇಟ್ಟುಕೊಂಡಿದೆ? ತಿನ್ನಲು ಬಂದ ಹುಳುವಿಗಾಗಿ. ಎಲೆ ತಿಂದ ಹುಳುವಿನ ಮೈಯಲ್ಲಿ ಹಾರ್ಮೋನು ಹೊತ್ತಲ್ಲದ ಹೊತ್ತಿನಲ್ಲಿ ಏರುತ್ತದೆ. ಒಳಗೆ ಹೊಸ ಚರ್ಮ ತಯಾರಾಗುವ ಮೊದಲೇ ಜ್ವರಕ್ಕೆ ಕೂರುತ್ತದೆ. ಹಳೆಯದು ಪೂರ್ತಿ ಕಳಚುವುದಿಲ್ಲ, ಬಾಯಿ ಸರಿಯಾಗಿ ಮೂಡುವುದಿಲ್ಲ, ತಿನ್ನಲಾಗದೆ ಸಾಯುತ್ತದೆ. ಎಲ್ಲ ಹುಳುಗಳೂ ಹೀಗೆ ಸಾಯುವುದಿಲ್ಲ, ಕೆಲವು ಅದನ್ನು ಮುರಿದು ಹೊರಗೆ ಹಾಕುವುದನ್ನು ಕಲಿತಿವೆ.

ಈಗ ನಿಮ್ಮ ಮನೆಯ ಹುಳುವಿಗೆ ಬರೋಣ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಸಂಪೂರ್ಣ ಎಂಬ ಹೆಸರಲ್ಲಿ ಇದೇ ಬಗೆಯ ಸಸ್ಯ ಹಾರ್ಮೋನ್ ಕೊಟ್ಟಿದ್ದಾರೆ. ಐದನೇ ಹಂತದ ಕೊನೆಗೆ, ಅಲ್ಲೊಂದು ಇಲ್ಲೊಂದು ಹುಳು ಹಣ್ಣಾಗಲು ಶುರುವಾದಾಗ ಕೊಡುತ್ತೀರಿ. ಆ ಹೊತ್ತಿಗೆ ಹುಳುವಿನ ರೇಷ್ಮೆ ಗ್ರಂಥಿ ತುಂಬಿದೆ, ಮೈ ಸಿದ್ಧವಾಗಿದೆ. ಹಾರ್ಮೋನು ಹೊಸದೇನನ್ನೂ ಮಾಡಿಸುವುದಿಲ್ಲ, ಇವತ್ತು ನಾಳೆ ಆಗಬೇಕಾದ್ದನ್ನು ಒಟ್ಟಿಗೆ ಆಗುವ ಹಾಗೆ ಮಾಡುತ್ತದೆ. ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಯಂಥದ್ದು) ಬಿಡುವ ಕೆಲಸ ಒಂದೇ ದಿನಕ್ಕೆ ಮುಗಿಯುತ್ತದೆ, ಕೂಲಿ ಉಳಿಯುತ್ತದೆ. ಅದನ್ನೇ ಮೂರನೇ ಜ್ವರದ ಹುಳುವಿಗೆ ಕೊಟ್ಟರೆ ಅದು ವಿಷವೇ. ಹಾಗಾಗಿ ಹೊತ್ತು ಮತ್ತು ಅಳತೆ ಎರಡನ್ನೂ ಪ್ಯಾಕೆಟ್ ಮೇಲೆ ಬರೆದ ಹಾಗೇ ಪಾಲಿಸಿ. ಬೇಗ ಆಗಲಿ ಅಂತ ಒಂದು ದಿನ ಮೊದಲೇ ಹಾಕಿದರೆ ಗೂಡು ಹಗುರವಾಗುತ್ತದೆ, ಮಾರುಕಟ್ಟೆಯಲ್ಲಿ ನಷ್ಟ ನಿಮಗೇ.

ಅಂದ ಹಾಗೆ, ಬೇವಿನಲ್ಲಿರುವ ಅಜಾಡಿರಕ್ಟಿನ್ ಎಂಬ ವಸ್ತು ಕೂಡ ಇದೇ ಹಾರ್ಮೋನಿನ ತಂಟೆಗೆ ಹೋಗುತ್ತದೆ, ಆದರೆ ಉಲ್ಟಾ ದಿಕ್ಕಿನಿಂದ. ಹುಳುವಿನ ಮೈಯಲ್ಲಿ ಎಕ್ಡೈಸೋನ್ ಸರಿಯಾಗಿ ಬಿಡುಗಡೆಯಾಗದ ಹಾಗೆ ತಡೆಯುತ್ತದೆ. ಹಾಗಾಗಿ ಹಿಪ್ಪುನೇರಳೆ ತೋಟದ ಪಕ್ಕದ ಹೊಲದಲ್ಲಿ ಬೇವಿನ ಔಷಧಿ ಹೊಡೆಯುವಾಗ ಗಾಳಿ ನೋಡಿಕೊಳ್ಳಿ. ಸಾವಯವ ತಾನೇ ಅಂತ ಬಿಟ್ಟರೆ ಹುಳುಮನೆಗೆ ಕಷ್ಟ.

ಪ್ರಶ್ನೆ: ಹಸುವಿಗೆ ಅಂತ ಅಜೋಲಾ ತೊಟ್ಟಿ ಮಾಡಿದ್ದೇವೆ. ಅಜೋಲಾ ಕೂಡ ಜರಿಗಿಡವಂತೆ. ಮತ್ತೆ ಅದನ್ನೇ ಹಸಿರು ಹುಳು ತಿನ್ನುತ್ತಿದೆಯಲ್ಲ? ಸೊಳ್ಳೆಯೂ ಜಾಸ್ತಿ ಆಗಿದೆ ಅಂತ ಅಕ್ಕಪಕ್ಕದವರ ಜಗಳ. (ಚನ್ನಗಿರಿ)

ಹೌದು, ಅಜೋಲಾ ಜರಿಗಿಡವೇ. ಆದರೆ 2018ರಲ್ಲಿ ಜೀನೋಮ್ ಓದಿದಾಗ ಸಾಲ್ವಿನಿಯಾದಲ್ಲಿ ಸಿಕ್ಕ ಆ ವಂಶವಾಹಿ ಅಜೋಲಾದಲ್ಲಿ ಸಿಗಲಿಲ್ಲ. ಅದರ ಬಲ ಬೇರೆ ಕಡೆ ಇದೆ. ಎಲೆಯ ಗೂಡಿನಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯನ್ನು ಸಾಕಿಕೊಂಡು ಗಾಳಿಯ ಸಾರಜನಕ ಹಿಡಿಯುತ್ತದೆ. ಭದ್ರಾ ನಾಲೆಯ ಗದ್ದೆಗಳಿಗೆ ಅದು ಗೊಬ್ಬರವಾಗುವುದೂ ಅದರಿಂದಲೇ.

ಹುಳು ಕಂಡರೆ ಔಷಧಿ ಹಾಕಬೇಡಿ, ಅದು ಹಸುವಿನ ಹೊಟ್ಟೆಗೆ ಹೋಗುತ್ತದೆ. ಹುಳು ಬಿದ್ದ ಅಜೋಲಾವನ್ನೆಲ್ಲ ಬಾಚಿ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿ ತೊಳೆದು, ಹೊಸ ನೀರು, ಹೊಸ ಬೀಜ ಬಿಡಿ. ಮೇಲೆ ನೆರಳು ಬಲೆ ಕಟ್ಟಿ, ಪತಂಗ ಮೊಟ್ಟೆ ಇಡುವುದು ತಪ್ಪುತ್ತದೆ.

ಸೊಳ್ಳೆ ವಿಷಯದಲ್ಲಿ ಅಜೋಲಾ ನಿಮ್ಮ ಪರ. ಇಂಗ್ಲಿಷರು ಇದನ್ನು ಸೊಳ್ಳೆ ಜರಿಗಿಡ ಅಂತಲೇ ಕರೆಯುತ್ತಾರೆ. ಇಲ್ಲಿ ವಿಷದ ಮಾತಿಲ್ಲ. ಚಾಪೆ ಹಾಸಿದ ಹಾಗೆ ನೀರನ್ನು ಮುಚ್ಚಿದರೆ ಸೊಳ್ಳೆಗೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ, ಮರಿಗಳಿಗೆ ಮೇಲೆ ಬಂದು ಉಸಿರಾಡಲು ಕಷ್ಟ. ಆದರೆ ಪೂರ್ತಿ ಮುಚ್ಚಿರಬೇಕು. ನೀವು ದಿನಾ ಜಾಸ್ತಿ ಬಾಚಿ ಅರ್ಧ ತೊಟ್ಟಿ ಖಾಲಿ ಬಿಡುತ್ತಿದ್ದರೆ ಪಕ್ಕದವರ ಮಾತಿನಲ್ಲೂ ನಿಜ ಇದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯಿರಿ.

ಪ್ರಶ್ನೆ: ನನ್ನ ತವರು ಮಲೆನಾಡು. ಅಲ್ಲಿ ಜರಿಗಿಡದ ಸುರುಳಿ ಚಿಗುರಿನ ಪಲ್ಯ ಮಾಡುತ್ತಿದ್ದೆವು. ಹುಳ ಸಾಯುವ ಗಿಡ ಅಂದ ಮೇಲೆ ತಿನ್ನಬಹುದಾ? (ದಾವಣಗೆರೆ)

ಹಳ್ಳದ ಬದಿಯಲ್ಲಿ ಬೆಳೆಯುವ ಡಿಪ್ಲೇಜಿಯಂ ಎಸ್ಕುಲೆಂಟಮ್ ಅನ್ನು ಚೆನ್ನಾಗಿ ಬೇಯಿಸಿ ತಲೆತಲಾಂತರದಿಂದ ತಿನ್ನುತ್ತಿದ್ದಾರೆ. ಗುರುತು ಹಿಡಿದು ಕೊಯ್ಯುವವರು ಮನೆಯಲ್ಲಿ ಇದ್ದರೆ ತಿನ್ನಿ. ಗುರುತು ಗೊತ್ತಿಲ್ಲದಿದ್ದರೆ ಬೇಡವೇ ಬೇಡ. ಬೆಟ್ಟದ ಬಯಲಲ್ಲಿ ಸೊಂಟದೆತ್ತರ ಬೆಳೆಯುವ ಬ್ರ್ಯಾಕನ್‌ನ ಚಿಗುರೂ ಹಾಗೇ ಸುರುಳಿ ಇರುತ್ತದೆ. ಅದರಲ್ಲಿ ಟ್ಯಾಕ್ವಿಲೋಸೈಡ್ ಅಂತ ಕ್ಯಾನ್ಸರ್ ತರುವ ವಸ್ತು ಇದೆ. ವರ್ಷಗಟ್ಟಲೆ ಮೇಯ್ದ ದನಗಳಿಗೆ ಮೂತ್ರದಲ್ಲಿ ರಕ್ತ ಹೋಗುತ್ತದೆ. ಹಾಲಿನಲ್ಲೂ ಅದು ಇಳಿಯುತ್ತದೆ. ತವರಿನಲ್ಲಿ ದನ ಮೇಯಲು ಬಿಡುವವರಿಗೂ ಇದನ್ನು ತಿಳಿಸಿ.

ಪ್ರಶ್ನೆ: ನಮ್ಮ ಮನೆ ಕುಂಡದ ಜರಿಗಿಡದ ಎಲೆ ಹಿಂದೆ ಕಂದು ಚುಕ್ಕಿಗಳು ಬಂದಿವೆ. ಹುಳದ ಮೊಟ್ಟೆ ಅಂತ ಅಮ್ಮ ಔಷಧಿ ಹೊಡೆಯಲು ಹೊರಟಿದ್ದಾರೆ. (ಚಿತ್ರದುರ್ಗ, 7ನೇ ತರಗತಿ)

ಅಮ್ಮನನ್ನು ಒಂದು ದಿನ ತಡೆದು ನಿಲ್ಲಿಸು ಪುಟ್ಟ. ಚುಕ್ಕಿಗಳು ಎಲೆಯ ಹಿಂದೆ ಮಾತ್ರ ಇದ್ದು, ಸಾಲಾಗಿ, ಒಂದಕ್ಕೊಂದು ಸಮ ದೂರದಲ್ಲಿ ಇದ್ದರೆ ಅವು ಮೊಟ್ಟೆಗಳಲ್ಲ. ಅವು ಬೀಜಕಣಗಳ ಗೊಂಚಲು. ಹೂವಿಲ್ಲದ ಗಿಡಕ್ಕೆ ಮರಿ ಮಾಡಲು ಅದೇ ದಾರಿ. ಚುಕ್ಕಿಗಳು ದಂಟಿನ ಮೇಲೂ ಅಡ್ಡಾದಿಡ್ಡಿ ಇದ್ದು, ಉಗುರಿನಿಂದ ಕೆರೆದರೆ ಹುರುಪೆ ಹಾಗೆ ಎದ್ದು ಬಂದು ಕೈಗೆ ಅಂಟಿದರೆ ಅದು ಶಲ್ಕ ಕೀಟ. ಆಗಲೂ ಔಷಧಿ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನೋಡಬೇಕಾ? ಚುಕ್ಕಿ ಇರುವ ಒಂದು ಎಲೆ ಕತ್ತರಿಸಿ, ಚುಕ್ಕಿ ಕೆಳಗೆ ಬರುವ ಹಾಗೆ ಬಿಳಿ ಹಾಳೆ ಮೇಲೆ ಇಟ್ಟು, ಮೇಲೊಂದು ಪುಸ್ತಕ ಹೇರಿ ಮಲಗು. ಚುಕ್ಕಿಗಳು ಬಲಿತಿದ್ದರೆ ಬೆಳಿಗ್ಗೆ ಎಲೆ ಎತ್ತಿದಾಗ ಹಾಳೆಯ ಮೇಲೆ ಕಂದು ಪುಡಿಯಲ್ಲಿ ಎಲೆಯ ಚಿತ್ರವೇ ಬಿದ್ದಿರುತ್ತದೆ. ಆ ಪುಡಿಯನ್ನು ಒದ್ದೆ ಇಟ್ಟಿಗೆ ಚೂರಿನ ಮೇಲೆ ಉದುರಿಸಿ, ಗಾಜಿನ ಲೋಟ ಬೋರಲು ಹಾಕಿ, ನೆರಳಲ್ಲಿ ಇಡು. ತೇವ ಆರಲು ಬಿಡಬೇಡ. ಕೆಲವು ವಾರಕ್ಕೆ ಹಸಿರು ಪೊರೆ ಹಾಗೆ ಏನಾದರೂ ಮೂಡಿದರೆ ನನಗೆ ಬರೆದು ತಿಳಿಸು.